ಜಾಜಿಯ ಬಾಯಿ ಮೂಸಿದವರು

ನಮ್ಮ ಮನೆಯ ಬೆಕ್ಕಿನ ಹೆಸರು ಜಾಜಿ. ಮೈಯೆಲ್ಲ ಬಿಳಿ, ಎಡಗಿವಿ ಮಾತ್ರ ಕಪ್ಪು. ಹೆಸರಿಟ್ಟವರು ನಮ್ಮತ್ತೆ ಚೂಡಾಮಣಿ. ನಾನು ಮದುವೆಯಾಗಿ ಹಾಸನದಿಂದ ಹೊಳೆನರಸೀಪುರದ ದೇವಸ್ಥಾನದ ಬೀದಿಗೆ ಬಂದಾಗ ಜಾಜಿ ಆಗಲೇ ಆ ಮನೆಯಲ್ಲಿ ನೆಲೆಯೂರಿದ್ದಳು. ಹಾಗಾಗಿ ಅವಳು ನನಗಿಂತ ಹಿರಿಯಳು. ಅದನ್ನು ನಾನು ಮರೆಯದಂತೆ ಅತ್ತೆಯೂ ನೋಡಿಕೊಂಡರು, ಜಾಜಿಯೂ ನೋಡಿಕೊಂಡಳು. ಒಳ್ಳೆಯ ಮಣೆ ಅವಳದು, ಅಲ್ಲಾಡುವ ಮಣೆ ನನ್ನದು.

ಅತ್ತೆಗೆ ಒಡವೆಯ ಹೆಮ್ಮೆ ಇರಲಿಲ್ಲ, ಮಗನ ನೌಕರಿಯ ಹೆಮ್ಮೆಯೂ ಅಷ್ಟಕ್ಕಷ್ಟೆ. ಇದ್ದದ್ದು ಒಂದೇ ಹೆಮ್ಮೆ, ಜಾಜಿ ಶುದ್ಧ ಸಸ್ಯಾಹಾರಿ ಎನ್ನುವುದು. ಬೆಳಿಗ್ಗೆ ತುಪ್ಪ ಕಲಸಿದ ಅನ್ನ, ಮಧ್ಯಾಹ್ನ ಮೊಸರನ್ನ, ಸಂಜೆ ನಮ್ಮ ಮಾವ ಚಲುವನಾರಾಯಣ ಅವರು ದೇವಸ್ಥಾನದಿಂದ ಪಂಚೆಯ ತುದಿಯಲ್ಲಿ ಕಟ್ಟಿಕೊಂಡು ಬರುತ್ತಿದ್ದ ಸಕ್ಕರೆ ಪೊಂಗಲು. ಏಕಾದಶಿಯ ದಿನ ಅತ್ತೆಯ ಜೊತೆ ಜಾಜಿಗೂ ಅನ್ನವಿಲ್ಲ. ಹಾಲಿನಲ್ಲಿ ನೆನೆಸಿದ ಅವಲಕ್ಕಿ ಮಾತ್ರ.

"ಅವಳು ಇಲಿ ಹಿಡಿಯೋದೂ ಆಟಕ್ಕೇ ಕಣೇ ಹಂಸ, ತಿನ್ನೋದಿಲ್ಲ" ಎಂದು ಅತ್ತೆ ಹೇಳುತ್ತಿದ್ದರು. ಆಟ ಮುಗಿದ ಮೇಲೆ ಇಲಿ ಎಲ್ಲಿಗೆ ಹೋಗುತ್ತಿತ್ತು ಎಂದು ನಾನು ಕೇಳಲಿಲ್ಲ. ಹೊಸ ಸೊಸೆ ಕೇಳಬಾರದ ಪ್ರಶ್ನೆಗಳಲ್ಲಿ ಅದೂ ಒಂದು.

ನಮ್ಮ ಹಿತ್ತಲ ಗೋಡೆಯ ಆಚೆಗೆ ಪಾಪಮ್ಮನ ಮನೆ. ಪಾಪಮ್ಮನ ಗಂಡ ಬೀರಲಿಂಗಯ್ಯನಿಗೆ ಹೊಳೆಯ ಕಡೆ ಗದ್ದೆ, ಮನೆಯಲ್ಲಿ ಕರೆಯುವ ಹಸು. ನಮಗೆ ಎರಡು ಹೊತ್ತೂ ಹಾಲು ಅಲ್ಲಿಂದಲೇ. ಮಧ್ಯಾಹ್ನ ಊಟವಾಗಿ ಗಂಡಸರು ಅಡ್ಡಾದ ಮೇಲೆ ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಲ್ಲುತ್ತಿದ್ದರು. ಆಚೆ ಪಾಪಮ್ಮ ದನ ನೀರು ಕುಡಿಯುವ ಕಲ್ಲುಬಾನಿಯ ಅಂಚು ಹತ್ತಿ ನಿಲ್ಲುತ್ತಿದ್ದಳು. ಗೋಡೆಯ ಮೇಲೆ ಎರಡು ತಲೆ ಕಾಣಿಸಿತು ಎಂದರೆ ಬಿಸಿಲು ಇಳಿಯುವ ತನಕ ಮಾತು. ಇಬ್ಬರಿಗೂ ಸೊಸೆಯರಿದ್ದೆವು, ಹಾಗಾಗಿ ವಿಷಯಕ್ಕೆ ಬರವಿರಲಿಲ್ಲ.

ಇಷ್ಟು ಸ್ನೇಹವಿದ್ದರೂ ಅತ್ತೆ ಒಂದು ದಿನವೂ ಗೋಡೆಯ ಆಚೆಗೆ ಕಾಲಿಟ್ಟವರಲ್ಲ. ಪಾಪಮ್ಮನ ಮನೆಯ ಬೇಯಿಸಿದ್ದನ್ನು ಅವರು ಮುಟ್ಟುತ್ತಿರಲಿಲ್ಲ, ಪಾಪಮ್ಮ ಕೊಡುತ್ತಲೂ ಇರಲಿಲ್ಲ. ನಮ್ಮ ಕಡೆಯಿಂದ ಬಟ್ಟಲಲ್ಲಿ ಕೋಸಂಬರಿಯೋ ಪುಳಿಯೋಗರೆಯೋ ಹೋದರೆ, ಆ ಕಡೆಯಿಂದ ಅದೇ ಬಟ್ಟಲಲ್ಲಿ ಹಸಿ ಅವರೆಕಾಯಿ, ಬೆಣ್ಣೆ, ಏನೂ ಇಲ್ಲದ ದಿನ ಒಂದು ಅಚ್ಚು ಬೆಲ್ಲ ಬರುತ್ತಿತ್ತು. ಬಟ್ಟಲು ಖಾಲಿ ಹಿಂತಿರುಗಬಾರದು ಎನ್ನುವುದರಲ್ಲಿ ಇಬ್ಬರೂ ಒಂದೇ ಶಾಸ್ತ್ರದವರು.

ಪಾಪಮ್ಮನಿಗೆ ಇನ್ನೊಂದು ಮರ್ಯಾದೆ ಇತ್ತು. ಮನೆಯಲ್ಲಿ ಮೀನು ಮಾಡುವ ದಿನ ಒಲೆ ಹಚ್ಚುವ ಮೊದಲೇ ಗೋಡೆಯ ಹತ್ತಿರ ಬಂದು, "ಅವ್ವಾರೇ, ಇವತ್ ಮಾಡ್ತಾ ಇವ್ನಿ, ಬಾಗ್ಲಾಕ್ಕಳಿ" ಎಂದು ಕೂಗುತ್ತಿದ್ದಳು. ಅತ್ತೆ ತಕ್ಷಣ ಹಿತ್ತಲ ಬಾಗಿಲು ಹಾಕಿ, ಕಿಟಕಿ ಮುಚ್ಚಿ, ಮನೆ ತುಂಬ ಸಾಂಬ್ರಾಣಿ ಹೊಗೆ ಎಬ್ಬಿಸಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ನಡುಮನೆಯಲ್ಲಿ ಕೂತುಬಿಡುತ್ತಿದ್ದರು. ಆ ಹೊತ್ತಿನಲ್ಲಿ ಜಾಜಿ ಎಲ್ಲಿರುತ್ತಿದ್ದಳು ಎಂದು ಯಾರೂ ನೋಡಿದವರಲ್ಲ. ಎಲ್ಲೋ ಮಲಗಿರಬೇಕು ಎಂದುಕೊಳ್ಳುತ್ತಿದ್ದೆವು.

ತೊಂಬತ್ತೆಂಟನೇ ಇಸವಿಯ ಶ್ರಾವಣದಲ್ಲಿ ಇದಕ್ಕೆಲ್ಲ ಕಲ್ಲು ಬಿತ್ತು.

ಶುಕ್ರವಾರದ ಪೂಜೆ. ಅತ್ತೆ ಮಂಗಳಾರತಿ ಎತ್ತಿದ್ದರು. ಪಕ್ಕದಲ್ಲಿ ತನ್ನ ಮಣೆಯ ಮೇಲೆ ಕೂತಿದ್ದ ಜಾಜಿ ಗಂಟೆಯ ಸದ್ದಿಗೆ ಎಚ್ಚೆತ್ತು ಅತ್ತೆಯ ಮುಖಕ್ಕೆ ಎದುರಾಗಿ ದೊಡ್ಡದಾಗಿ ಆಕಳಿಸಿದಳು. ಅತ್ತೆ ಮಂಗಳಾರತಿ ತಟ್ಟೆ ಹಿಡಿದೇ ಹಿಂದಕ್ಕೆ ಸರಿದರು. ಮಾವನ ಮಂತ್ರ ನಿಂತಿತು.

"ಏನು ವಾಸನೆಯೇ ಇದು!" ಎಂದರು ಅತ್ತೆ.

ಮೊದಲ ಅನುಮಾನ ನನ್ನ ಮೇಲೆ, ಅಂದರೆ ನಾನು ಒಗೆಯದೆ ಬಿಟ್ಟಿದ್ದ ಕೈಬಟ್ಟೆಯ ಮೇಲೆ. ಆಮೇಲೆ ಬಚ್ಚಲ ಮೋರಿ. ಆಮೇಲೆ ದೇವರ ಪಟದ ಹಿಂದೆ ಹಲ್ಲಿ ಸತ್ತಿದೆಯೇ ಎಂದು ಹುಡುಕಿದ್ದಾಯಿತು. ಕೊನೆಗೆ ಜಾಜಿ ಇನ್ನೊಮ್ಮೆ ಆಕಳಿಸಿ ನಮ್ಮ ಶ್ರಮ ತಪ್ಪಿಸಿದಳು.

ಪಕ್ಕದ ಮನೆಯ ಗೌರೀಶಂಕರ ಶಾಸ್ತ್ರಿಗಳನ್ನು ಕರೆಸಿದರು. ಸಂಸ್ಕೃತ ಪಾಠ ಹೇಳಿ ನಿವೃತ್ತರಾದವರು, ಬೀದಿಯಲ್ಲಿ ಯಾವುದಕ್ಕೆ ಸಂಶಯ ಬಂದರೂ ತೀರ್ಪು ಅವರದೇ. ಅವರು ಬಗ್ಗಿ, ಜಾಜಿಯ ಬಾಯಿಯ ಹತ್ತಿರ ಮೂಗು ಒಯ್ದು, ಬೇಗನೆ ವಾಪಸು ತಂದುಕೊಂಡರು.

"ಮೀನು. ಅನುಮಾನವೇ ಬೇಡ."

"ತಾವು ಮೀನು ಮೂಸಿದ್ದೀರಾ?" ಎಂದು ನಾನು ಕೇಳಿಬಿಟ್ಟೆ.

"ಶಿವ ಶಿವಾ! ಎಲ್ಲಾದರೂ ಉಂಟೇ?"

"ಮತ್ತೆ ಹೇಗೆ ಗೊತ್ತಾಯಿತು?"

"ನೋಡಮ್ಮ, ಲೋಕದಲ್ಲಿ ನಾನು ಮೂಸಿರೋ ಯಾವ ವಾಸನೆಯೂ ಇದಲ್ಲ. ಮೂಸದೇ ಇರೋದು ಮೀನೊಂದೇ. ಆದ್ದರಿಂದ ಇದು ಮೀನು."

ಅವರು ತರ್ಕ ಓದಿದವರು. ಇನ್ನಿಬ್ಬರು ಬಂದು ಮೂಸಿದರು, ಅವರೂ ಮೀನೇ ಎಂದರು. ನಮ್ಮ ಬೀದಿಯಲ್ಲಿ ಆ ಸಂಜೆ ಮೀನು ಕಂಡವರು ಒಬ್ಬರೂ ಇರಲಿಲ್ಲ, ಮೀನಿನ ವಾಸನೆ ಗೊತ್ತಿಲ್ಲದವರೂ ಒಬ್ಬರಿರಲಿಲ್ಲ.

"ಮತ್ಸ್ಯಾವತಾರವೂ ನಾರಾಯಣನದೇ ಅಲ್ಲವೇನೇ ಚೂಡಾ, ಬಿಡು" ಎಂದು ಮಾವ ಸಮಾಧಾನ ಹೇಳಲು ಹೋದರು. ಅತ್ತೆ ನೋಡಿದ ನೋಟಕ್ಕೆ ಅವರು ಪಾರಾಯಣಕ್ಕೆ ಕೂತುಬಿಟ್ಟರು.

ಮಾರನೆಯ ಬೆಳಿಗ್ಗೆ ಶುದ್ಧಿ ಶುರುವಾಯಿತು. ನಾನು ಜಾಜಿಯನ್ನು ಹಿಡಿದುಕೊಂಡೆ, ಅತ್ತೆ ಬೆರಳಿಗೆ ಹಲ್ಲುಪುಡಿ ಮೆತ್ತಿಕೊಂಡು ಉಜ್ಜಿದರು. ಲವಂಗ ಕುದಿಸಿದ ನೀರು ಕುಡಿಸಿದರು. ತುಳಸಿ ತೀರ್ಥವಾಯಿತು. ಕೊನೆಗೆ ಪಂಚಗವ್ಯದ ಉದ್ಧರಣೆ ಬಾಯಿಯ ಹತ್ತಿರ ಬಂದಾಗ ಜಾಜಿ ನನ್ನ ಕೈ ಪರಚಿ ಅಟ್ಟ ಏರಿದಳು. ಪಂಚಗವ್ಯ ನನ್ನ ಸೀರೆಯ ಮೇಲೆ ಬಿತ್ತು. ಆ ಮನೆಯಲ್ಲಿ ಆ ದಿನ ಶುದ್ಧಳಾದವಳು ನಾನೊಬ್ಬಳೇ.

ಅಷ್ಟಕ್ಕೇ ನಿಂತಿದ್ದರೆ ನಕ್ಕು ಮರೆಯಬಹುದಿತ್ತು. ಮಧ್ಯಾಹ್ನ ಅತ್ತೆ ಒಗೆಯುವ ಕಲ್ಲು ಹತ್ತಿದರು. ನಾನು ಬಟ್ಟೆ ಹರವುತ್ತಿದ್ದೆ.

"ಪಾಪಮ್ಮ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ."

ಬೇಜಾರು ತರುವ ಮಾತುಗಳೆಲ್ಲ ಹೀಗೇ ಶುರುವಾಗುತ್ತವೆ.

"ಕೇಳ್ರವ್ವಾ, ಅದ್ಕೇನಂತೆ" ಎಂದಳು ಪಾಪಮ್ಮ.

"ನಮ್ಮ ಜಾಜಿಗೆ ನೀನು ಮೀನು ಹಾಕಿದ್ದೀಯ."

"ಯಾವಾಗ?"

"ಈಗ, ಈ ವಾರ. ಬಾಯಿ ತೆಗೆದರೆ ಮೀನಿನ ನಾತ. ಮಗು ಥರ ಸಾಕಿದ್ದೆ ಕಣೇ, ಅದರ ಕುಲ ಕೆಡಿಸಿಬಿಟ್ಯಲ್ಲ."

ಗೋಡೆಯ ಮೇಲಿದ್ದ ಪಾಪಮ್ಮನ ಕೈ ಕೆಳಗೆ ಹೋಯಿತು.

"ಶ್ರಾವಣ ಕಣ್ರವ್ವಾ" ಎಂದಳು. "ತಿಮ್ಮಪ್ಪನ್ ಒಕ್ಲು ನಾವು. ಶ್ರಾವಣ ಉಟ್ಟೋಕ್ ಮುಂಚೇನೆ ಬಾಡಿನ್ ಮಡಿಕೆ ಎಲ್ಲಾ ತೊಳ್ದು ಅಟ್ಟದ್ ಮ್ಯಾಕೆ ಆಕಿವ್ನಿ. ನನ್ ಮಗ ಲಾರಿಯಿಂದ ಬಿದ್ದು ಆಸ್ಪತ್ರೇಲಿ ಮಲ್ಗಿದ್ದಾಗ ಕಟ್ಕಂಡಿರೋ ಅರಕೆ ಅದು. ನಿಮ್ಗೆ ಗೊತ್ತಿಲ್ವಾ? ನೀವೇ ಅಲ್ವಾ ಅವನ್ ಎಸ್ರಲ್ಲಿ ದೇವಸ್ಥಾನ್ದಾಗೆ ಅರ್ಚ್ನೆ ಮಾಡ್ಸಿದ್ದು? ಅಂಥಾ ತಿಂಗ್ಳಲ್ಲಿ ನಾನು ಮೀನ್ ಬೇಯ್ಸ್ತೀನಿ ಅಂತೀರಲ್ಲ!"

ಅತ್ತೆ ಅಲ್ಲಿಗೆ ಇಳಿದು ಬರಬಹುದಿತ್ತು. ಅವರ ಮುಖ ನೋಡಿದರೆ ಇಳಿಯಬೇಕೆಂದು ಅನ್ನಿಸಿದ್ದೂ ನಿಜ. ಆದರೆ ಬೀದಿಯೆಲ್ಲ ಮೂಸಿ ಹೇಳಿದ ತೀರ್ಪು ಬೆನ್ನಿಗಿತ್ತು.

"ಹಾಗಾದ್ರೆ ವಾಸನೆ ಎಲ್ಲಿಂದ ಬಂತು?" ಎಂದುಬಿಟ್ಟರು.

"ನಾಳಿಂದ ಆಲು ಬ್ಯಾರೆ ಕಡೆ ನೋಡ್ಕಳಿ" ಎಂದು ಪಾಪಮ್ಮ ಬಾನಿಯಿಂದ ಇಳಿದು ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮಗೆಲ್ಲ ಬುದ್ಧಿ ಹೇಳುವವರು ಅತ್ತೆಯೇ.

ಮರುದಿನದಿಂದ ಡೈರಿ ಹಾಲು. ಮಾವ ಕಾಫಿ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ನಿಟ್ಟುಸಿರು ಬಿಟ್ಟು ಕುಡಿಯುತ್ತಿದ್ದರು. ಅತ್ತೆ ಜಾಜಿಯನ್ನು ಹಳೆಯ ಸೀರೆಯ ಅಂಚಿನಿಂದ ನಡುಮನೆಯ ಕಂಬಕ್ಕೆ ಕಟ್ಟಿದರು, ಗೋಡೆ ಹಾರಬಾರದೆಂದು. ಮಧ್ಯಾಹ್ನವಾದರೆ ಮಾತ್ರ ಅವರ ಕಾಲು ತಾನಾಗಿಯೇ ಹಿತ್ತಲಿಗೆ ಹೋಗುತ್ತಿತ್ತು. ಒಗೆಯುವ ಕಲ್ಲಿನ ತನಕ ಹೋಗಿ, ಒಣಗದ ಬಟ್ಟೆಯನ್ನೊಮ್ಮೆ ಮುಟ್ಟಿ, ವಾಪಸು ಬರುತ್ತಿದ್ದರು. ನನ್ನ ಹತ್ತಿರ ಕೂತು ಮಾತಾಡಲು ನೋಡಿದರು. ಆದರೆ ಸೊಸೆಯ ದೂರನ್ನು ಸೊಸೆಯ ಹತ್ತಿರವೇ ಹೇಳಿಕೊಂಡರೆ ಏನು ಸುಖ?

ಮುಂದಿನ ಶ್ರಾವಣ ಶನಿವಾರ ಬಂತು. ಅತ್ತೆ ನನ್ನ ಕೈಯಲ್ಲಿ ಬಟ್ಟಲು ತುಂಬ ಕೋಸಂಬರಿ ಕೊಟ್ಟು, "ಕೊಟ್ಟು ಬಾ, ನಾನು ಕಳಿಸಿದೆ ಅಂತ ಹೇಳಬೇಡ" ಎಂದರು. ಬೇರೆ ಯಾರು ಕಳಿಸಿದರು ಎಂದುಕೊಳ್ಳಬೇಕಿತ್ತೋ ಪಾಪಮ್ಮ. ಅವಳು ಕೋಸಂಬರಿ ತೆಗೆದುಕೊಂಡಳು, ದೇವರ ಪ್ರಸಾದ ಬೇಡ ಎನ್ನುವವಳಲ್ಲ. ಒಳಗೆ ಹೋಗಿ ಬಟ್ಟಲು ತೊಳೆದು, ಒರೆಸಿ, ಫಳಫಳ ಹೊಳೆಯುವಂತೆ ಮಾಡಿ ತಂದು ನನ್ನ ಕೈಗಿಟ್ಟಳು. ಖಾಲಿ.

ಅತ್ತೆ ಆ ಬಟ್ಟಲನ್ನು ಒಳಗೆ ನೋಡಿದರು, ತಿರುಗಿಸಿ ತಳವನ್ನೂ ನೋಡಿದರು.

"ಖಾಲಿ ಕಳಿಸಿದಳಲ್ಲೇ" ಎಂದು ಅಲ್ಲೇ ನೆಲದ ಮೇಲೆ ಕೂತರು. ಅಳುವವರಲ್ಲ ಅವರು, ಅವತ್ತು ಕಣ್ಣು ತುಂಬಿತ್ತು. ಅಲ್ಲಿಯವರೆಗೆ ಒಳಗೊಳಗೇ ನಗುತ್ತಿದ್ದ ನಾನೂ ಅವರ ಪಕ್ಕದಲ್ಲಿ ಕೂತೆ.

ಇತ್ತ ಜಾಜಿಯ ಬಾಯಿ ದಿನದಿನಕ್ಕೆ ಕೆಟ್ಟಿತು. ಜೊಲ್ಲು ಸೋರತೊಡಗಿತು. ಮೊಸರನ್ನದ ತಟ್ಟೆಯ ಹತ್ತಿರ ಬರುತ್ತಾಳೆ, ಒಂದು ತುತ್ತು ಬಾಯಿಗೆ ಹಾಕಿ ತಲೆ ಕೊಡವಿ ಉಗುಳಿಬಿಡುತ್ತಾಳೆ, ಮುಂಗಾಲಿನಿಂದ ದವಡೆ ಉಜ್ಜಿಕೊಳ್ಳುತ್ತಾಳೆ.

"ಅತ್ತೆ, ಕಟ್ಟಿಹಾಕಿದ ಮೇಲೆ ಇವಳು ಗೋಡೆ ಹಾರಿಲ್ಲ. ತಿಂದಿದ್ದೆಲ್ಲ ನೀವು ಕಲಸಿ ಕೊಟ್ಟಿದ್ದೇ. ಮೀನಾಗಿದ್ದರೆ ವಾಸನೆ ಕಡಿಮೆಯಾಗಬೇಕಿತ್ತಲ್ಲ?" ಎಂದೆ.

"ನಿನಗೇನು ಗೊತ್ತು ಸುಮ್ಮನಿರೇ" ಎಂದರು. ಆದರೆ ಆ ರಾತ್ರಿ ಊಟಕ್ಕೆ ಕೂತವರು ಅನ್ನವನ್ನು ಕಲಸುತ್ತಲೇ ಇದ್ದರು, ತಿನ್ನಲಿಲ್ಲ.

ನಮ್ಮೂರಿನ ದನದ ಡಾಕ್ಟರು ರಾಸುಗಳಿಗೆ ಲಸಿಕೆ ಹಾಕಲು ಹಳ್ಳಿಗಳ ಮೇಲೆ ಹೋಗಿದ್ದರು. ನನ್ನ ಯಜಮಾನರು ಗಿರಿಧರ ಅರಕಲಗೂಡಿನ ಕಚೇರಿಯೊಂದರಲ್ಲಿ ಗುಮಾಸ್ತರು, ದಿನಾ ಬಸ್ಸಿನಲ್ಲಿ ಹೋಗಿಬರುವವರು. ಅಲ್ಲಿ ಪಂಚಾಕ್ಷರಯ್ಯ ಎನ್ನುವ ಡಾಕ್ಟರು ಅವರಿಗೆ ಪರಿಚಯ. ಮಾರನೆಯ ಬೆಳಿಗ್ಗೆ ಮುಚ್ಚಳದ ಬಿದಿರು ಬುಟ್ಟಿಯಲ್ಲಿ ಜಾಜಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ, ಪಕ್ಕದಲ್ಲಿ ನಾನು. ಯಜಮಾನರು ನಮ್ಮ ಪರಿಚಯವೇ ಇಲ್ಲದವರಂತೆ ಮುಂದಿನ ಸೀಟಿನಲ್ಲಿ ಕೂತರು.

ಬಸ್ಸು ಊರು ಬಿಡುವುದರೊಳಗೆ ಸುತ್ತಲಿನವರು ಮೂಗು ಮುಚ್ಚಿಕೊಂಡರು. ಎದುರು ಕೂತಿದ್ದ ಹೆಂಗಸು ಬುಟ್ಟಿಯನ್ನೇ ನೋಡಿ, "ಏನವ್ವಾ ಅದ್ರಲ್ಲಿ, ಇಲಿ ಏನಾದ್ರೂ ಸತ್ತೈತಾ?" ಎಂದಳು.

"ಮೀನಿನ ವಾಸನೆ ಹಾಗೇ ಅಲ್ವೇನಮ್ಮ?" ಎಂದು ಅತ್ತೆ ಮೆಲ್ಲಗೆ ಕೇಳಿದರು.

"ಮೀನಾ? ಇದಾ?" ಎಂದು ಆ ಹೆಂಗಸು ಪಕ್ಕದವಳ ಕಡೆ ತಿರುಗಿ ನಕ್ಕುಬಿಟ್ಟಳು. ಅತ್ತೆ ಆಮೇಲೆ ಅರಕಲಗೂಡು ಬರುವವರೆಗೂ ಕಿಟಕಿಯ ಆಚೆಗೇ ನೋಡುತ್ತಿದ್ದರು.

ಪಂಚಾಕ್ಷರಯ್ಯ ಡಾಕ್ಟರಿಗೆ ಎಮ್ಮೆಯ ಬಾಯಿಗೆ ಮೊಳಕೈ ತನಕ ಕೈ ಹಾಕಿ ರೂಢಿ. ಜಾಜಿಯನ್ನು ಮೇಜಿನ ಮೇಲಿಟ್ಟಾಗ ಅವರಿಗೇ ಸಂಕೋಚವಾದಂತೆ ಕಂಡಿತು. ಯಜಮಾನರ ಟವೆಲ್ಲನ್ನು ಅವಳ ಮೈಗೆ ಸುತ್ತಿಸಿ, ತುಟಿ ಮೇಲೆತ್ತಿ, ಟಾರ್ಚು ಬಿಟ್ಟರು.

"ಬನ್ನಿ ಅಮ್ಮಾ, ನೋಡಿ ಇಲ್ಲಿ."

ಇಷ್ಟು ವರ್ಷ ಸಾಕಿದ್ದರೂ ಅತ್ತೆ ಜಾಜಿಯ ಬಾಯಿಯ ಒಳಗೆ ನೋಡಿದ್ದು ಅದೇ ಮೊದಲು. ಹಿಂದಿನ ಹಲ್ಲುಗಳ ಮೇಲೆ ಹಳದಿ ಪಾಚಿ ಗಟ್ಟಿಯಾಗಿ ಕಲ್ಲಿನಂತೆ ಕೂತಿತ್ತು. ವಸಡು ಕೆಂಪಗೆ ಊದಿತ್ತು. ಒಂದು ದವಡೆ ಹಲ್ಲಿನ ಬುಡದಲ್ಲಿ ಕೀವು.

"ಮೀನು ತಿಂದು ಹೀಗಾಗಿದ್ಯಾ ಡಾಕ್ಟರೇ?"

"ಮೀನಾ? ಏನು ಹಾಕ್ತೀರಿ ಇದಕ್ಕೆ?"

"ಮೊಸರನ್ನ. ತುಪ್ಪದನ್ನ. ಸಂಜೆ ಸಕ್ಕರೆ ಪೊಂಗಲು."

"ದಿನಾನಾ?"

"ಏಕಾದಶಿ ಬಿಟ್ಟು."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ನಗು ತಡೆಯಲು ಬೇರೆ ದಾರಿ ಕಾಣದೆ ಒರೆಸಿಕೊಂಡದ್ದು ಎಂದು ನನಗೆ ಗೊತ್ತಾಯಿತು.

"ಅಮ್ಮಾ, ಬೆಕ್ಕಿನ ಹಲ್ಲು ದೇವರು ಮಾಡಿರೋದೇ ಮಾಂಸ ಹರಿಯೋಕೆ. ಮೆತ್ತಗಿನ ಅನ್ನ ಸಂದೀಲಿ ಮೆತ್ತಿಕೊಂಡು ಕೂರುತ್ತೆ, ತಿಕ್ಕೋರಿಲ್ಲ, ತೊಳೆಯೋರಿಲ್ಲ. ವಯಸ್ಸೂ ಆಗಿದೆ, ಎಲ್ಲ ಸೇರಿ ವಸಡು ಕೊಳೆತಿದೆ. ಈ ನಾತ ಕೀವಿಂದು. ಇನ್ನೊಂದು ಮಾತು. ಬರೀ ಮೊಸರನ್ನದಲ್ಲಿ ಬೆಕ್ಕಿನ ಕಣ್ಣು ಹೋಗುತ್ತೆ, ಗುಂಡಿಗೆ ಸೋಲುತ್ತೆ. ಇದು ಇಷ್ಟು ವರ್ಷ ಹೇಗೆ ಬದುಕಿದೆ ಅನ್ನೋದೇ ನನಗೆ ಆಶ್ಚರ್ಯ."

"ದೇವರ ಪ್ರಸಾದ ತಿಂದು ಬದುಕಿದೆ" ಎಂದರು ಅತ್ತೆ.

"ಇರಬಹುದು" ಎಂದರು ಡಾಕ್ಟರು, ಒಳ್ಳೆಯ ಮನುಷ್ಯರು. "ಈಗ ಕೆಟ್ಟ ಹಲ್ಲೆಲ್ಲ ತೆಗೀಬೇಕು. ಮಂಪರು ಬರೋ ಸೂಜಿ ಹಾಕ್ತೀನಿ, ನೋವಾಗಲ್ಲ. ಆಮೇಲೆ ದಿನಾ ಮೆತ್ತಗಿನ ಬಟ್ಟೆಯಲ್ಲಿ ವಸಡು ಒರೆಸಿ. ಕೋಳೀನೋ ಮೀನೋ ಬೇಯಿಸಿ, ಮುಳ್ಳು ಮೂಳೆ ತೆಗೆದು, ಕಿವುಚಿ ಕೊಡಿ."

"ಬೇರೆ ಏನೂ ಇಲ್ವೇ? ಲೇಹ್ಯ, ಕಷಾಯ?"

"ಬೆಕ್ಕು ಲೇಹ್ಯ ತಿನ್ನಲ್ಲ ಅಮ್ಮಾ."

ಹಲ್ಲು ತೆಗೆಯುವಾಗ ನಮ್ಮನ್ನು ಹೊರಗೆ ಕಳಿಸಿದರು. ಆಸ್ಪತ್ರೆಯ ಮುಂದೆ ಹೊಂಗೆ ಮರದ ಕೆಳಗೆ, ಸರದಿಗೆ ಕಾಯುತ್ತಿದ್ದ ಎಮ್ಮೆಗಳ ಪಕ್ಕದಲ್ಲಿ ಅತ್ತೆ ಖಾಲಿ ಬುಟ್ಟಿ ಹಿಡಿದು ನಿಂತರು.

"ಹಂಸ, ನನ್ನ ಬಾಯಿಗಿಂತ ಅದರ ಬಾಯಿ ವಾಸಿ ಕಣೇ" ಎಂದರು. "ಅದಕ್ಕೆ ಕೆಟ್ಟಿರೋದು ಹಲ್ಲು, ಅಷ್ಟೇ."

ಜಾಜಿ ಮನೆಗೆ ಬಂದು ಎರಡು ದಿನ ಮಲಗಿದಳು. ಆಮೇಲೆ ಎದ್ದಳು. ವಾಸನೆ ಹೋಯಿತು, ಹಲ್ಲೂ ಹೆಚ್ಚುಕಡಿಮೆ ಹೋಗಿದ್ದವು. ಮೀನು ಹಾಕಬೇಕಂತೆ ಎಂದು ಕೇಳಿದ ಮಾವ, "ಹಲ್ಲಿದ್ದಾಗ ಕಡಲೆ ಇರಲಿಲ್ಲ, ಕಡಲೆ ಬಂದಾಗ ಹಲ್ಲಿಲ್ಲ" ಎಂದು ನಕ್ಕರು. ಅತ್ತೆ ನಗಲಿಲ್ಲ. ದಿನಾ ಬೆಳಿಗ್ಗೆ ಮಡಿಗೆ ಮುಂಚೆ ಜಾಜಿಯನ್ನು ತೊಡೆಯ ಮೇಲೆ ಹಾಕಿಕೊಂಡು ಹಳೆಯ ಪಂಚೆಯ ಚೂರಿನಿಂದ ವಸಡು ಒರೆಸುತ್ತಿದ್ದರು.

"ಹೋಗಿ ತಪ್ಪಾಯ್ತು ಅಂದುಬಿಡಿ ಅತ್ತೆ. ಪಾಪಮ್ಮ ಒಳ್ಳೆಯವಳು" ಎಂದು ನಾನು ಹೇಳಿದೆ.

"ಹೇಗೆ ಅನ್ನೋದೇ?" ಎಂದರು. ತಮಾಷೆಗಲ್ಲ. ಆ ವಯಸ್ಸಿನವರೆಗೂ ಅವರು ಯಾರಿಗೂ ಆ ಮಾತು ಅಂದಿರಲಿಲ್ಲ, ಅಭ್ಯಾಸವಿರಲಿಲ್ಲ. "ಅದೂ ಅಲ್ಲದೆ ಶ್ರಾವಣ ಇನ್ನೂ ಮುಗಿದಿಲ್ಲ. ಅವಳ ಹರಕೆ ತಿಂಗಳಲ್ಲಿ ಮತ್ತೆ ಮೀನಿನ ಮಾತು ಎತ್ತಿಕೊಂಡು ಹೋಗಲಾ?"

ಅದು ಸರಿಯಾದ ಮಾತೇ. ಆದರೆ ಅಭ್ಯಾಸ ಶುರುವಾಗಿತ್ತು. ವಸಡು ಒರೆಸುತ್ತ ಜಾಜಿಗೆ, "ಪಾಪಮ್ಮ, ನಾನು ಅವತ್ತು ಅಂದಿದ್ದು..." ಎಂದು ಶುರುಮಾಡಿ, ಮುಂದೆ ಬಾರದೆ, ಮತ್ತೆ ಮೊದಲಿಂದ ಹೇಳುವುದು ನನಗೆ ಅಡುಗೆಮನೆಗೆ ಕೇಳಿಸುತ್ತಿತ್ತು. ಜಾಜಿ ಬಾಯಿ ತೆರೆದುಕೊಂಡು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಶ್ರಾವಣ ಮುಗಿಯಿತು. ಗೌರಿ ಬಂದಳು, ಗಣಪತಿ ಬಂದ, ಗಣಪನನ್ನು ಹೊಳೆಗೆ ಬಿಟ್ಟದ್ದೂ ಆಯಿತು. ಅದಾದ ಮಾರನೆಯ ದಿನ ನಾನು ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದೆ. ಗೋಡೆಯ ಆಚೆಯಿಂದ ದನಿ ಕೇಳಿತು. ತಲೆ ಕಾಣಿಸಲಿಲ್ಲ, ಹೆಸರು ಹಿಡಿದೂ ಕರೆಯಲಿಲ್ಲ.

"ಇವತ್ ಮಾಡ್ತಾ ಇವ್ನಿ. ಬಾಗ್ಲಾಕ್ಕಳಿ."

ಅಷ್ಟು ಕೋಪದಲ್ಲೂ ಪಾಪಮ್ಮ ಆ ಮರ್ಯಾದೆ ಬಿಟ್ಟಿರಲಿಲ್ಲ. ನಾನು ಎದ್ದು ಬಾಗಿಲು ಹಾಕಲು ಹೋದೆ. ಅತ್ತೆ ಒಳಗಿನಿಂದ ಬಂದರು.

"ಹಾಕಬೇಡ" ಎಂದರು.

ಒಂದು ಕಂಕುಳಲ್ಲಿ ಜಾಜಿ, ಇನ್ನೊಂದು ಕೈಯಲ್ಲಿ ಕೋಸಂಬರಿಯ ಆ ಬಟ್ಟಲು. ಒಗೆಯುವ ಕಲ್ಲನ್ನು ಹತ್ತಲಿಲ್ಲ. ಹಿತ್ತಲ ಓಣಿಯಿಂದ ಸುತ್ತಿಕೊಂಡು ಪಾಪಮ್ಮನ ಅಂಗಳಕ್ಕೇ ನಡೆದರು. ನಾನು ಕೈಯ ಬೂದಿಯನ್ನೂ ತೊಳೆಯದೆ ಹಿಂದೆ ಓಡಿದೆ.

ಪಾಪಮ್ಮ ಅಂಗಳದ ಒಲೆಯ ಮುಂದೆ ಕೂತಿದ್ದಳು. ಮಡಕೆ ಕುದಿಯುತ್ತಿತ್ತು. ನಮ್ಮನ್ನು ನೋಡಿದವಳು ಸೌಟು ಹಿಡಿದ ಕೈಯಲ್ಲೇ ಎದ್ದು ನಿಂತಳು. ಅತ್ತೆ ಒಲೆಯ ಹತ್ತಿರಕ್ಕೆ ಹೋದರು. ಅವರ ಕೈ ರೂಢಿಯಂತೆ ಸೆರಗಿಗೆ ಹೋಯಿತು. ಮೂಗಿನ ತನಕ ಬಂದದ್ದನ್ನು ಹಾಗೇ ಕೆಳಗಿಳಿಸಿ, ಬಗ್ಗಿ, ಮಡಕೆಯ ಹಬೆಯನ್ನು ಎಳೆದುಕೊಂಡರು. ಕೆಮ್ಮು ಬಂತು. ಕೆಮ್ಮಿ, ಮತ್ತೊಮ್ಮೆ ಎಳೆದುಕೊಂಡರು.

"ಇದೇನಾ ಮೀನು?"

"ಊಂ ಕಣ್ರವ್ವಾ. ಒಳೆ ಮೀನು."

"ಇದಲ್ಲ" ಎಂದರು ಅತ್ತೆ. "ಆ ವಾಸನೆ ಇದಲ್ಲ ಪಾಪಮ್ಮ. ಅದು ಹಲ್ಲಿನ ಕೀವು. ನಾನೇ ತಿನ್ನಿಸಿದ ಪೊಂಗಲು. ಮೀನು ಹೇಗಿರುತ್ತೆ ಅಂತಾನೇ ಗೊತ್ತಿಲ್ಲದೆ ನಿನ್ನ ಹರಕೆ ತಿಂಗಳಲ್ಲಿ ನಿನ್ನ ಮೇಲೆ ಹೊರಿಸಿಬಿಟ್ಟೆ. ತಪ್ಪಾಯ್ತು ಕಣೇ."

ಅಭ್ಯಾಸ ಮಾಡಿದ್ದ ಮಾತುಗಳಲ್ಲಿ ಒಂದೂ ಅದರಲ್ಲಿರಲಿಲ್ಲ. ಪಾಪಮ್ಮ ಮಡಕೆಯನ್ನೊಮ್ಮೆ ತಿರುವಿದಳು.

"ಮೂಸ್ದೇನೇ ಏಳ್ಬುಟ್ರಾ?"

"ಮೂಸದೇನೇ."

"ಶಾಸ್ತ್ರಿಗಳೂ?"

"ಅವರೂ."

ಪಾಪಮ್ಮನ ತುಟಿ ಅಲ್ಲಾಡಿತು. ಅತ್ತೆ ಬಟ್ಟಲನ್ನು ಮುಂದೆ ಹಿಡಿದರು. "ಡಾಕ್ಟರು ಮೀನು ಹಾಕಿ ಅಂದಿದ್ದಾರೆ ಜಾಜಿಗೆ. ಖಾರ ಹಾಕೋ ಮೊದಲೇ ತೆಗೆದಿಟ್ಟಿದ್ದರೆ ಎರಡು ಚೂರು ಇದಕ್ಕೆ ಹಾಕು."

"ಇದ್ಕಾ? ದ್ಯಾವ್ರ್ ಮುಂದೆ ಮಡ್ಗೋ ಬಟ್ಲು ಕಣ್ರವ್ವಾ ಇದು."

"ಗೊತ್ತು. ನೀನು ಖಾಲಿ ಕಳಿಸಿದ್ದೆಯಲ್ಲ, ಅದೇ ಬಟ್ಟಲು."

ಪಾಪಮ್ಮ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಒಳಗೆ ಹೋದಳು. ಬಂದಾಗ ಬಟ್ಟಲಲ್ಲಿ ಬೆಲ್ಲದ ಅಚ್ಚುಗಳು ತುಂಬಿದ್ದವು. "ಮೀನ್ಗೆ ಇದ್ಯಾಕೆ, ಬ್ಯಾರೆ ಐತೆ" ಎಂದು ಅದನ್ನು ನನ್ನ ಕೈಗೆ ಕೊಟ್ಟಳು.

ಬೇರೆ ಎಲ್ಲಿದೆ ಎಂದು ಯಾರೂ ಕೇಳಬೇಕಾಗಲಿಲ್ಲ. ಜಾಜಿ ಅತ್ತೆಯ ಕಂಕುಳಿಂದ ಜಿಗಿದು, ಅತ್ತಿತ್ತ ನೋಡದೆ ನೇರವಾಗಿ ಒಲೆಯ ಎಡಗಡೆಯ ಮೂಲೆಗೆ ಹೋದಳು. ಅಲ್ಲಿ ಸವೆದು ನುಣುಪಾದ ಒಂದು ತೆಂಗಿನ ಕರಟವಿತ್ತು. ಅದರ ಮುಂದೆ, ನಮ್ಮ ಮನೆಯ ಮಣೆಯ ಮೇಲೆ ಕೂರುವ ಹಾಗೆಯೇ, ಬಾಲವನ್ನು ಕಾಲಿಗೆ ಸುತ್ತಿಕೊಂಡು ಕೂತು ಪಾಪಮ್ಮನನ್ನು ನೋಡಿ "ಮ್ಯಾವ್" ಎಂದಳು.

ಅತ್ತೆ ಕರಟವನ್ನು ನೋಡಿದರು. ಪಾಪಮ್ಮ ಬೆಂಕಿ ಸರಿಮಾಡುವ ನೆಪದಲ್ಲಿ ಒಲೆಯ ಕಡೆ ಬಗ್ಗಿದಳು.

"ಪಾಪಮ್ಮ."

"ಶ್ರಾವಣ್ದಾಗೆ ಆಕ್ನಿಲ್ಲ ಅಂದೆ ಕಣ್ರವ್ವಾ. ತಿಮ್ಮಪ್ಪನ್ ಆಣೆಗೂ ಆಕ್ನಿಲ್ಲ." ಸೌದೆಯೊಂದನ್ನು ಒಳಕ್ಕೆ ತಳ್ಳಿದಳು. "ಮಿಕ್ಕಿದ್ ತಿಂಗ್ಳು ಆಕ್ನಿಲ್ಲ ಅಂತ ಯಾವತ್ ಅಂದೆ? ನೀವು ಬಾಗ್ಲಾಕ್ಕಂಡೇಟ್ಗೆ ಅದು ಗ್ವಾಡೆ ಆರ್ಕಂಡ್ ಬರೋದು. ಅಸ್ಕಂಡ್ ಬಂದ್ ಕುಂತಿರೋದ್ನ ಓಡ್ಸಕಾಯ್ತದಾ?"

ಡಾಕ್ಟರ ಆಶ್ಚರ್ಯಕ್ಕೆ ಉತ್ತರ ಆ ಕರಟದಲ್ಲಿತ್ತು. ನಾನು ನಗು ತಡೆಯಲು ಬೆಲ್ಲದ ಬಟ್ಟಲನ್ನೇ ನೋಡುತ್ತ ನಿಂತೆ. ಅತ್ತೆಯ ಏಕಾದಶಿಗಳು, ತೀರ್ಥ, ಬೀದಿಯಲ್ಲೆಲ್ಲ ಹೇಳಿಕೊಂಡ ಹೆಮ್ಮೆ ಎಲ್ಲ ಒಲೆಯ ಮೂಲೆಯಲ್ಲಿ ಬಾಲ ಸುತ್ತಿಕೊಂಡು ಕೂತಿತ್ತು.

"ಇಷ್ಟು ವರ್ಷವೂ?" ಎಂದರು.

"ಊಂ ಕಣ್ರವ್ವಾ."

"ಮುಳ್ಳು ತೆಗೆದು ಹಾಕ್ತಿದ್ಯಾ?"

"ಒಂದೊಂದೇ ತೆಗ್ದು."

ಅತ್ತೆ ಸೀರೆ ಸ್ವಲ್ಪ ಮೇಲೆತ್ತಿಕೊಂಡು ಒಲೆಯ ಪಕ್ಕದ ಜಗಲಿಯ ಮೇಲೆ ಕೂತರು.

"ಇವತ್ತು ಇನ್ನೂ ಸಣ್ಣಗೆ ಕಿವುಚು" ಎಂದರು. "ಅವಳಿಗೆ ಈಗ ಹಲ್ಲಿಲ್ಲ."